ಗೂಡಿಗೆ ನಾಲ್ಕು

ಅಡುಗೆಮನೆಯ ಹಿಂಬಾಗಿಲ ಕಟ್ಟೆಯ ಮೇಲಿದ್ದ ಬಕೆಟ್ಟು ನೋಡಿದ್ದೇ ಹೌವರ್‌ನ ಮೈ ಉರಿದುಹೋಯಿತು. ಒಳಗೆ ಒಣಹುಲ್ಲಿನ ಮೇಲೆ ಬಾತುಮೊಟ್ಟೆಗಳು. ಎಣಿಸಿದ. ನಲವತ್ತೊಂದು. ಬೆಳಿಗ್ಗೆ ಐದಕ್ಕೆದ್ದು ಇಡೀ ದಂಡೆ ಸುತ್ತಿ ಅವನು ತಂದದ್ದು ಬರೀ ಎಂಟು.

"ಯಾರು ತಂದಿದ್ದು ಇದನ್ನ?"

"ಇನ್ಯಾರು, ನಾನೇ," ಅಂದ ಸೋಲ್ವಿ. ದಕ್ಷಿಣದ ಬಯಲಿನವನು, ಈ ಹೋಟೆಲನ್ನು ಚಳಿಗಾಲದ ಕೊನೆಯಲ್ಲಷ್ಟೇ ಕೊಂಡವನು. "ಬೆಳಿಗ್ಗೆ ತಿಂಡಿ ಆದಮೇಲೆ ದೋಣಿಮನೆ ಹಿಂದೆ ಹೋದೆ. ಒಂಬತ್ತು ಗೂಡು, ಒಂದೇ ಗಂಟೆ. ಕಣ್ಣು ಬೇಕು ಕಣೋ, ಕಣ್ಣು!"

"ಗೂಡಲ್ಲಿ ಎಷ್ಟು ಬಿಟ್ಟೆ?"

"ಒಂದೊಂದು ಬಿಟ್ಟಿದೀನಿ. ನಮ್ಮಮ್ಮ ಕೋಳಿ ಸಾಕಿರಲಿಲ್ವಾ? ಒಂದು ಮೊಟ್ಟೆ ಕಣ್ಣಿಗೆ ಬಿದ್ದರೆ ಸಾಕು, ಬಂದು ಇಡ್ತಾನೇ ಇರುತ್ತೆ."

ಹೌವರ್ ಹಲ್ಲು ಕಚ್ಚಿದ. ಮೀವಾತ್ನ್ ಸರೋವರದ ದಂಡೆಯಲ್ಲಿ ಹುಟ್ಟಿದ ಯಾರೂ ಈ ಮಾತಾಡುವುದಿಲ್ಲ. ಇಲ್ಲಿ ಗೂಡಿಗೆ ಕೈ ಹಾಕುವವನು ಮೊದಲು ನಾಲ್ಕು ಮೊಟ್ಟೆ ಪಕ್ಕಕ್ಕೆ ಸರಿಸುತ್ತಾನೆ. ಆ ನಾಲ್ಕು ತಾಯಿಬಾತಿನವು. ಐದನೆಯದಿದ್ದರೆ ಅದು ನಮ್ಮದು. ಇಲ್ಲದಿದ್ದರೆ ಬಾತು ಗೂಡಿಗೆ ಹಾಸಿದ ಎದೆಯ ತುಪ್ಪಳ ಮುಚ್ಚಿ ಎದ್ದು ನಡಿ. ಹೌವರ್‌ಗೆ ಇದನ್ನು ಅಜ್ಜ ಕೈಹಿಡಿದು ಕಲಿಸಿದ್ದು ಇದೇ ದೋಣಿಮನೆ ಹಿಂದೆ. ಹದಿನಾರಕ್ಕೇ ಶಾಲೆಗೆ ಬೆನ್ನು ಹಾಕಿದ ಅವನ ಹತ್ತಿರ ಕಾಗದದಲ್ಲಿ ತೋರಿಸುವಂಥದ್ದು ಏನೂ ಇರಲಿಲ್ಲ. ಇದ್ದದ್ದು ಈ ದಂಡೆ, ಈ ಅಡುಗೆಮನೆಯ ಕೆಲಸ, ಹೋಟೆಲಿನ ಮಾಳಿಗೆಯ ಮೇಲೊಂದು ಕೋಣೆ.

"ವಾಪಸ್ ಇಡ್ತೀನಿ," ಅಂದ.

"ಏನು?"

"ಗೂಡಿಗೆ ಮೂರು ಮೂರು. ಇವತ್ತೇ, ಈಗಲೇ. ನಾಳೆಗೆ ಬಿಟ್ಟರೆ ಗೂಡು ಬಿಟ್ಟು ಹೋಗ್ತವೆ. ಒಂದ್ಸಲ ಬಿಟ್ಟ ಜಾಗಕ್ಕೆ ಇವು ಮತ್ತೆ ಕಾಲಿಡಲ್ಲ."

"ನಲವತ್ತು ಜನ ಬಂದು ಕೂತಿದಾರೆ! ಊಟದ ಪಟ್ಟಿಯಲ್ಲಿ ತಲೆಗೊಂದು ಬಾತುಮೊಟ್ಟೆ ಅಂತ ಹಾಕಿದೀನಿ. ಆ ಬಕೆಟ್ ಮುಟ್ಟಿದೆಯೋ, ನಿನ್ನ ಗಂಟುಮೂಟೆ ಕಟ್ಟು."

"ಕಟ್ಟೋಣ ಬಿಡು," ಅಂದ ಹೌವರ್. ಬಕೆಟ್ಟನ್ನೆತ್ತಿ ಬೇಸಿನ್ ಪಕ್ಕ ಇಟ್ಟೇಬಿಟ್ಟ. "ಹೋಗೋ ಮುಂಚೆ ಒಂದು ಕೆಲಸ ಮುಗಿಸ್ತೀನಿ. ನೀನೂ ಬರಬೇಕು. ಯಾವ ಒಂಬತ್ತು ಗೂಡಿಗೆ ಕೈ ಹಾಕಿದೆ ಅಂತ ಗೊತ್ತಿರೋದು ನಿನಗೊಬ್ಬನಿಗೇ. ನಾನು ಪೊದೆಪೊದೆ ಹುಡುಕ್ತಾ ಹೋದರೆ ಉಳಿದವೂ ಎದ್ದು ಹಾರ್ತವೆ."

ಅಷ್ಟರಲ್ಲಿ ಕಾಫಿಗೆಂದು ಬಂದ ಔಸ್ಬೇರಾ ಬಾಗಿಲಲ್ಲೇ ನಿಂತಿದ್ದಳು. ಆಕುರೇರಿ ಪಟ್ಟಣದಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು. ಪ್ರತಿ ಜೂನ್‌ಗೂ ಬಂದು ಸರೋವರದ ಕಡೆಯ ಮೂಲೆಕೋಣೆಯಲ್ಲೇ ಐದು ದಿನ ಉಳಿಯುವವಳು.

"ಕ್ರಾಫ್ಲಾ ಬೆಂಕಿ ಕಾರ್ತಿದ್ದಾಗಲೂ ಆ ಬಾತುಗಳು ಜಾಗ ಬಿಡಲಿಲ್ಲ ಅಂತ ಇವನ ಅಜ್ಜ ಹೇಳ್ತಿದ್ದ," ಅಂದಳು ಆಕೆ. "ಜ್ವಾಲಾಮುಖಿ ಕೈಲಾಗದ್ದನ್ನ ನೀನು ಒಂದು ಬಕೆಟ್ಟಲ್ಲಿ ಮಾಡಿಬಿಟ್ಟೆಯಲ್ಲೋ ಸೋಲ್ವಿ! ಭಾರಿ ಆಸಾಮಿ."

"ನೀನು ಅತಿಥಿ, ಔಸ್ಬೇರಾ. ಇದು ಹೋಟೆಲಿನ ವಿಷಯ."

"ಅತಿಥಿ ಅಂತಲೇ ಹೇಳ್ತಿರೋದು. ನಾನು ಬರೋದು ಬಾತು ನೋಡೋಕೆ. ನಿನ್ನ ಮುಖ ನೋಡೋಕೆ ಅಂದ್ಕೊಂಡ್ಯಾ?"

ಹೌವರ್ ಆಗಲೇ ಬೇಸಿನ್ನಿಗೆ ಉಗುರುಬೆಚ್ಚಗಿನ ನೀರು ಹಿಡಿದು ಒಂದೊಂದೇ ಮೊಟ್ಟೆ ಇಳಿಬಿಡುತ್ತಿದ್ದ. ತಳದಲ್ಲಿ ಅಡ್ಡ ಮಲಗಿದ್ದು ಹೊಸದು. ತುದಿಯ ಮೇಲೆ ನಿಂತದ್ದರೊಳಗೆ ಆಗಲೇ ಮರಿ ಕಟ್ಟತೊಡಗಿದೆ. ನಿಂತವು ಹನ್ನೊಂದು. ಸೋಲ್ವಿಯ ಕಣ್ಣೆದುರೇ ಹನ್ನೊಂದನ್ನೂ ಬೇರೆ ಇಟ್ಟ. ಆಮೇಲೆ ಬಣ್ಣ ನೋಡಿ ವಿಂಗಡಿಸಿದ. ಬೂದುಹಸಿರು ಕರಿತಲೆಯ ಬಾತಿನದು, ಕೆನೆಬಣ್ಣದ್ದು ಸೀಟಿ ಹೊಡೆಯುವ ಬಾತಿನದು. ಅವನ ಕೈ ಒಮ್ಮೆಯೂ ತಡವರಿಸಲಿಲ್ಲ.

ಆ ಹನ್ನೊಂದನ್ನು ಸೋಲ್ವಿ ಒಂದು ಗಳಿಗೆ ನೋಡಿದ. "ಇವನ್ನ ಬೇಯಿಸಿ ಬಡಿಸಿದ್ದರೆ..." ಅಂದ.

"ತಟ್ಟೆಯಲ್ಲಿ ಕೊಕ್ಕು ಸಿಕ್ಕಿರೋದು," ಅಂದಳು ಔಸ್ಬೇರಾ. "ನುಸಿ ತಡೆಯೋ ಬಲೆ ಟೋಪಿ ಹಾಕ್ಕೊಂಡು ನಡಿ. ನಾನೂ ಬರ್ತೀನಿ."

"ನೀನು ಅಲುಗಾಡದೆ ಇರ್ತೀಯಾ?" ಕೇಳಿದ ಹೌವರ್.

"ಮೂವತ್ತು ವರ್ಷ ಕೂತೇ ಸಂಬಳ ತಗೊಂಡವಳು ನಾನು."

ಹೊರಗೆ ಗಾಳಿ ಬಿದ್ದುಹೋಗಿತ್ತು. ನುಸಿ ಹೊಗೆಯ ಹಾಗೆ ಎದ್ದಿತ್ತು, ಉಸಿರೆಳೆದರೆ ಮೂಗಿಗೇ. ಬೆಟ್ಟದ ಕಡೆಯಿಂದ ಗಂಧಕದ ವಾಸನೆ. ಸೋಲ್ವಿ ಮುಂದೆ, ಬಕೆಟ್ಟು ಹಿಡಿದ ಹೌವರ್ ಹಿಂದೆ. ಮೊದಲ ಪೊದೆಯ ಹತ್ತಿರ ಸೋಲ್ವಿ ಬೊಟ್ಟು ಮಾಡಿದ. ಹೌವರ್ ಬಗ್ಗಿ ತುಪ್ಪಳ ಸರಿಸಿದ. ಒಂದೇ ಮೊಟ್ಟೆ, ತಣ್ಣಗೆ. ಪಕ್ಕಕ್ಕೆ ಅದೇ ಬಣ್ಣದ ಮೂರನ್ನಿಟ್ಟು ಮತ್ತೆ ತುಪ್ಪಳ ಹೊದಿಸಿದ. ಮರಿ ಕಟ್ಟಿದವನ್ನು, ಒಳಗಿನ್ನೂ ಬೆಚ್ಚಗಿದ್ದ ಗೂಡುಗಳಿಗೆ ಹಾಕಿದ. ಏಳನೆಯ ಗೂಡಿಗೆ ಬರುವಷ್ಟರಲ್ಲಿ, ಕೇಳದೆಯೇ ಸೋಲ್ವಿ ಮಂಡಿಯೂರಿ ಕೊಂಬೆ ಎತ್ತಿ ಹಿಡಿಯುತ್ತಿದ್ದ.

ಒಂಬತ್ತೂ ಆಯಿತು. ಮೂವರೂ ದೋಣಿಮನೆಯ ಗೋಡೆಗೊತ್ತಿ, ಹುಲ್ಲಲ್ಲಿ ಬೋರಲು ಮಲಗಿದರು.

"ಬರ್ತವಾ?" ಸೋಲ್ವಿ ಪಿಸುಗುಟ್ಟಿದ.

"ಬರ್ತವೆ."

"ಅಷ್ಟು ಗ್ಯಾರಂಟಿಯಾಗಿ ಹೆಂಗೆ ಹೇಳ್ತೀಯ?"

"ಬಾಯಿ ಮುಚ್ಚಿದರೆ ಬರ್ತವೆ."

ಔಸ್ಬೇರಾಳ ಹೊಟ್ಟೆ ನಗುವಿಗೆ ಕುಲುಕಿತು, ಸದ್ದು ಬರಲಿಲ್ಲ. ಅರ್ಧ ಗಂಟೆಯ ನಂತರ ಮೊದಲ ಹೆಣ್ಣುಬಾತು ನೀರಿಂದ ಮೇಲೆ ಬಂದಳು. ಕುತ್ತಿಗೆ ಚಾಚಿ ನಿಂತು, ಅತ್ತಿತ್ತ ನೋಡಿ, ಪೊದೆಯೊಳಗೆ ನುಗ್ಗಿದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಇಬ್ಬರು ಒಟ್ಟಿಗೆ. ಹೌವರ್ ಬೆರಳು ಮಡಿಚುತ್ತಾ ಹೋದ. ಎಂಟು. ಅಂಚಿನ ಕುಳ್ಳ ವಿಲೋ ಪೊದೆಯ ಸೀಟಿಬಾತು ಮಾತ್ರ ಬರಲಿಲ್ಲ. ದೂರದಲ್ಲಿ ನೀರ ಮೇಲೆ ತೇಲುತ್ತಾ ದಂಡೆ ಕಡೆ ನೋಡುತ್ತಿದ್ದಳು ಅಷ್ಟೆ.

"ಎಂಟು ಬಂದ್ವು. ನಡಿ, ಊಟದ ಹೊತ್ತು," ಅಂದ ಹೌವರ್ ಮೆಲ್ಲಗೆ. "ನಾನು ತಂದ ಎಂಟೂ ಸೇರಿ ಮೊಟ್ಟೆ ಇಪ್ಪತ್ತೆರಡಿವೆ. ತಲೆಗರ್ಧ. ಬಿಸಿನೆಲದಲ್ಲಿ ಹೂತು ಬೇಯಿಸಿದ ರೊಟ್ಟಿ ಮೇಲೆ ಇಟ್ಟು ಬೆಣ್ಣೆ ಜಾಸ್ತಿ ಹಾಕ್ತೀನಿ. ಜನಕ್ಕೆ ಏನಾಯ್ತು ಅಂತ ನಾನೇ ಹೇಳ್ತೀನಿ, ಮುಚ್ಚುಮರೆ ಇಲ್ಲದೆ. ಆಮೇಲೆ ನನ್ನ ಗಂಟುಮೂಟೆ ವಿಷಯ..."

"ಶ್! ಅವಳು ಹೆದರ್ತಾಳೆ," ಅಂದ ಸೋಲ್ವಿ. ಕಣ್ಣು ವಿಲೋ ಪೊದೆ ಬಿಟ್ಟು ಕದಲಲಿಲ್ಲ. "ನೀನು ಹೋಗು. ಬಡಿಸು. ನಾನಿಲ್ಲೇ ಇರ್ತೀನಿ."

"ನಲವತ್ತು ಜನ ಮಾಲೀಕ ಎಲ್ಲಿ ಅಂತ ಕೇಳ್ತಾರೆ."

"ಮೊಟ್ಟೆ ಕಾಯ್ತಿದಾನೆ ಅನ್ನು."

ಹೌವರ್ ಒಬ್ಬನೇ ತೆವಳುತ್ತಾ ಹಿಂದೆ ಸರಿದ. ಊಟದ ಮನೆಯಲ್ಲಿ ನಿಂತು ನಡೆದದ್ದನ್ನು ನಡೆದ ಹಾಗೇ ಹೇಳಿದ. ಒಬ್ಬ ಗೊಣಗಿದ. ಉಳಿದವರು ರೊಟ್ಟಿ ಕೈಲಿ ಹಿಡಿದುಕೊಂಡೇ ಕಿಟಕಿಗೆ ಮುತ್ತಿಕೊಂಡರು. ಹೊರಗೆ ಹುಲ್ಲಿನ ನಡುವೆ ಬಲೆ ಹೊದ್ದ ಎರಡು ತಲೆಗಳು, ನುಸಿಯಲ್ಲಿ ಮುಳುಗಿ, ಮಿಸುಕದೆ ಇದ್ದವು. ನೀರ ಮೇಲಿದ್ದ ಸೀಟಿಬಾತು ದಂಡೆಗೆ ಒಂದಿಷ್ಟು ಹತ್ತಿರ ಬಂದಿತ್ತು.