ಎರಡನೆಯ ತಗ್ಗು

ದೊಡವಾಡದ ಮನೆಯ ಕಟ್ಟೆಯ ಮೇಲೆ ಅಣ್ಣನ ಮಗಳು ಉಗುರಿನ ಬಣ್ಣ ಅಳಿಸುತ್ತ ಕೂತಿದ್ದಳು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಪೂನಮ್‌ಳ ಮೂಗಿಗೆ ಆ ಬಾಟಲಿಯ ವಾಸನೆ ಬಡಿಯಿತು. ಈ ವಾಸನೆ ತನಗೆ ಪರಿಚಯದ್ದು, ಎಲ್ಲಿಯದು? ಲ್ಯಾಬಿನ ಸಿಲಿಂಡರಿನದು ಎಂದು ನೆನಪಾದದ್ದೇ ತಡ, ಅರ್ಧ ಚಹಾ ಅಲ್ಲೇ ಬಿಟ್ಟು ಕಿತ್ತೂರಿನ ದಾರಿ ಹಿಡಿದಳು.

ಕಿತ್ತೂರಿನ ಹತ್ತಿರದ ಒಂದು ಸಂಶೋಧನಾ ಕೇಂದ್ರದಲ್ಲಿ ಪೂನಮ್ ಏಳು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದಳು. ನೆಪ್ಚೂನಿನ ಆಚೆ ಕುಬ್ಜ ಗ್ರಹಗಳಿವೆಯಲ್ಲ, ಅಲ್ಲಿನ ಚಳಿಗೆ ಗ್ಯಾಸೂ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಅಲ್ಲಿಗೆ ಹೋಗಿ ಮುಟ್ಟಿ ನೋಡುವವರು ಯಾರು? ಬರುವುದು ಒಂದಿಷ್ಟು ಮಸುಕು ಬೆಳಕು. ಒಂದೊಂದು ಹಿಮವೂ ಆ ಬೆಳಕಿನಲ್ಲಿ ತನಗೆ ಬೇಕಾದ ಭಾಗವನ್ನು ನುಂಗಿಬಿಡುತ್ತದೆ. ಗ್ರಾಫಿನಲ್ಲಿ ಅಲ್ಲೊಂದು ತಗ್ಗು ಬೀಳುತ್ತದೆ. ಯಾವ ತಗ್ಗು ಯಾರದೆಂದು ಹೇಳಬೇಕಾದರೆ ಅದೇ ಗ್ಯಾಸನ್ನು ಇಲ್ಲಿ ಉಕ್ಕಿನ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ, ಪೋಲೀಸರು ಕಳ್ಳರ ಬೆರಳಚ್ಚು ಇಟ್ಟುಕೊಂಡಂತೆ, ಅದರ ತಗ್ಗುಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು. ಪೂನಮ್‌ಳ ಕೆಲಸ ಅದೇ.

ಮೀಥೇನ್, ಈಥೇನ್ ಮುಗಿದಿದ್ದವು. ಅಸಿಟಿಲೀನ್ ಮಾತ್ರ ಬರೆದು ಬರೆದು ಕೇಳಿ ಸಾಕಾದರೂ ಬರಲಿಲ್ಲ. ಆಗ ಅಣ್ಣ ಭೀಮಶಿ, ಬೈಲಹೊಂಗಲದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ವೆಲ್ಡಿಂಗ್ ಮಾಡುವವನು, ನಕ್ಕುಬಿಟ್ಟ.

“ಅಯ್ಯ ಹುಚ್ಚಿ, ಅದಕ್ಯಾಕ ಅಷ್ಟ ತಲಿ ಕೆಡಿಸ್ಕೋತಿ? ನನ್ನ ಅಂಗಡ್ಯಾಗ ದಿನಾ ಸುಡೂದು ಅದನ್ನ. ನಾಳೆ ಮುಟ್ಟಸ್ತೇನಿ ತಗೋ.”

ಟಂಟಂ ಆಟೋದಲ್ಲಿ ನಿಲ್ಲಿಸಲು ಆಗದೆ ಸಿಲಿಂಡರನ್ನು ಅಡ್ಡ ಮಲಗಿಸಿಕೊಂಡು ಬಂದು, ಗೇಟಿನಲ್ಲಿ ಇಳಿಸಿ ಹೋದ. ಪೂನಮ್‌ಗೆ ತಡೆಯಲಾಗದ ಆತುರ. ಅಂದೇ ಜೋಡಿಸಿಬಿಟ್ಟಳು. ವೆಲ್ಡಿಂಗ್ ಸಿಲಿಂಡರಿನಲ್ಲಿ ಅಸಿಟಿಲೀನನ್ನು ಅಸಿಟೋನ್ ಎಂಬ, ಉಗುರುಬಣ್ಣ ಅಳಿಸಲೂ ಬಳಸುವ ದ್ರವದಲ್ಲಿ ಕರಗಿಸಿ ತುಂಬಿರುತ್ತಾರೆ; ಮಲಗಿಸಿ ತಂದದ್ದನ್ನು ಒಂದು ದಿನ ನಿಲ್ಲಿಸಿಡದೆ ಬಳಸಿದರೆ ಆ ದ್ರವವೂ ಗ್ಯಾಸಿನ ಜೊತೆ ಹೊರಬೀಳುತ್ತದೆ. ಇದು ಪುಸ್ತಕದಲ್ಲಿದೆ, ಅವಳು ಓದಿಯೂ ಇದ್ದಳು. ಶುದ್ಧ ಮಾಡುವ ನಳಿಗೆಯಲ್ಲಿ ಒಮ್ಮೆ ಹಾಯಿಸಿದೆನಲ್ಲ, ಸಾಕು ಅಂದುಕೊಂಡಳು. ಓದಿದ್ದು ಹೊತ್ತಿಗೆ ನೆನಪಾಗದಿದ್ದರೆ ಓದಿ ಏನು ಉಪಯೋಗ, ಸುಡುಗಾಡು!

ಗ್ರಾಫಿನಲ್ಲಿ ಒಂದು ದೊಡ್ಡ ತಗ್ಗು, ಪಕ್ಕದಲ್ಲಿ ಒಂದು ಸಣ್ಣದು ಬಿತ್ತು. ಕುಬ್ಜ ಗ್ರಹವೊಂದರ ಬೆಳಕಿನಲ್ಲೂ ಅಲ್ಲೇ ಎರಡು ತಗ್ಗು ಕಂಡವು. ದೊಡ್ಡದು ಯಾವ ಹಿಮದ್ದಾದರೂ ಆಗಬಹುದಿತ್ತು. ಎರಡನೆಯದನ್ನು ನೋಡಿಯೇ ಎಲ್ಲರೂ ಅಸಿಟಿಲೀನೇ ಹೌದೆಂದದ್ದು. ಲೇಖನ ಅಚ್ಚಾಯಿತು. ಭೀಮಶಿ ಅಂಗಡಿಗೆ ಬಂದವರಿಗೆಲ್ಲ “ನಮ್ಮ ಗ್ಯಾಸು ಆಕಾಶದಾಗ ಐತ್ರೀ” ಎನ್ನುತ್ತ ಪೇಢೆ ಹಂಚಿದ.

ಈಗ ಲ್ಯಾಬಿಗೆ ಬಂದವಳು ಬರೀ ಅಸಿಟೋನನ್ನು ಹೆಪ್ಪುಗಟ್ಟಿಸಿ ನೋಡಿದಳು. ಎರಡನೆಯ ತಗ್ಗು ಅಲ್ಲೇ ಬಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮತ್ತೆ ನೋಡಿದರೆ ಗ್ರಹದ ಬೆಳಕಿನಲ್ಲಿ ಇದ್ದದ್ದು ತಗ್ಗೇ ಅಲ್ಲ, ಇದೆಯೋ ಇಲ್ಲವೋ ಎಂಬಂಥ ಒಂದು ಗೀರು. ಬೇಕೆಂದು ಹುಡುಕಿದ್ದಕ್ಕೆ ಕಂಡಿತ್ತು. ಪೂನಮ್ ಎರಡೂ ಗ್ರಾಫು ಹಿಡಿದು ಗೈಡ್ ಕೋಣೆಗೆ ನಡೆದಳು.

ಗೈಡ್ ಸುಭಾಸ ಸರ್ ಎರಡೂ ಗ್ರಾಫನ್ನು ಬಹಳ ಹೊತ್ತು ನೋಡಿದರು.

“ನಿನ್ನ ತಗ್ಗು ನಂಬಿ ಹೊರಗಿನವರು ಇನ್ನೆರಡು ಗ್ರಹದಾಗ ಅಸಿಟಿಲೀನ್ ಐತಿ ಅಂದಾರ. ಲೇಖನ ಹಿಂದಕ್ಕ ತಗೊಳ್ಳಾಕ ಬೇಕು. ಆದ್ರ ಹೆಂಗ ಬರೀತಿ ನೋಡು. ವೆಲ್ಡಿಂಗ್ ಗ್ಯಾಸ್ ಅಂತ ಗೊತ್ತಿದ್ದೂ ಪರೀಕ್ಷೆ ಮಾಡಲಿಲ್ಲ ಅಂದ್ರ ಥೀಸಿಸ್ ಪೂರ್ತಿ ಹೋಗತೈತಿ. ಶುದ್ಧ ಐತಿ ಅಂತ ಕೊಟ್ಟಾಂವ ಮೋಸ ಮಾಡ್ಯಾನ ಅಂದ್ರ ಉಳದ ಅಧ್ಯಾಯ ಉಳೀತಾವ.”

ಹೋದರೆ ಏಳು ವರ್ಷ ಹೋಗುತ್ತದೆ. ಅದಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ತಡೆದುಕೊಳ್ಳುತ್ತಿದ್ದಳು. ಅವರ ಕೇರಿಯಿಂದ ಆ ಕಟ್ಟಡದೊಳಗೆ ಕಾಲಿಟ್ಟ ಮೊದಲನೆಯವಳು ಅವಳು. “ಇಂಥವರನ್ನ ತಗೊಂಡ್ರ ಇನ್ನೇನಾಗತೈತಿ” ಎಂದು ಸೇರಿದ ದಿನವೇ ಯಾರೋ ಅಂದದ್ದನ್ನು ಕಿವಿಯಾರೆ ಕೇಳಿದ್ದಳು. ಆ ಬಾಯಿಗೆ ತಾನೇ ಸಕ್ಕರೆ ಹಾಕಿದಂತಾಯಿತಲ್ಲ! ಹಿಂದೆ ಬರುವ ಹುಡುಗಿಯರಿಗೆಲ್ಲ ಇನ್ನು ತನ್ನ ಹೆಸರನ್ನೇ ತೋರಿಸಿ ಬಾಗಿಲು ಹಾಕುತ್ತಾರೆ.

ಮರುದಿನ ಬೈಲಹೊಂಗಲಕ್ಕೆ ಹೋಗಿ ಅಣ್ಣನಿಗೆ ಎಲ್ಲ ಹೇಳಿದಳು. ಭೀಮಶಿ ಕೈಯಲ್ಲಿದ್ದ ಕನ್ನಡಕ ಕೆಳಗಿಟ್ಟ.

“ಹಂಗಾರ ಅಲ್ಲಿ ನಮ್ಮ ಗ್ಯಾಸು ಇಲ್ಲೇನು?”

“ಗೊತ್ತಿಲ್ಲಣ್ಣಾ. ಇದ್ರೂ ನಾ ಅದನ್ನ ನೋಡಿಲ್ಲ.”

ಆಮೇಲೆ ಸುಭಾಸ ಸರ್ ಅಂದದ್ದನ್ನೂ ಹೇಳಿದಳು. ಭೀಮಶಿ ವಿಚಾರ ಮಾಡಲೇ ಇಲ್ಲ.

“ನನ್ನ ಮ್ಯಾಲ ಹಾಕು. ಶುದ್ಧ ಐತಿ ಅಂತ ಸುಳ್ಳು ಹೇಳಿ ಕೊಟ್ಟಾಂವ ನಾನ ಅಂತ ಬರಿ. ನಂದೇನು ಡಿಗ್ರಿ ಕಸಗೋತಾರನು?”

“ನೀ ಹಂಗ ಹೇಳೇ ಇಲ್ಲಲ್ಲೋ ಅಣ್ಣಾ. ಬ್ಯಾಡ.”

“ಬರಿ ಅಂದ್ನೆಲ್ಲ.”

ಬೇಡ ಎಂದದ್ದು ಅದೊಂದೇ ಸಲ. ಎರಡನೇ ಸಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಶುದ್ಧವೆಂದು ಹೇಳಿ ಮಾರಿದ ಸ್ಥಳೀಯ ವೆಲ್ಡರೊಬ್ಬನಿಂದ ತಪ್ಪಾಯಿತು ಎಂದು ಲೇಖನ ಹಿಂಪಡೆಯುವ ಪತ್ರದಲ್ಲೂ ಥೀಸಿಸಿನಲ್ಲೂ ಬರೆದು ಕಳಿಸಿದಳು.

ಕೊನೆಯ ಮೌಖಿಕ ಪರೀಕ್ಷೆ ಎಲ್ಲರಿಗೂ ತೆರೆದದ್ದು. ಅಣ್ಣನಿಗೆ ಬರಬೇಡ ಎಂದು ಹೇಳುವ ಮುಖ ಅವಳಿಗಿರಲಿಲ್ಲ. ಭೀಮಶಿ ಅಂಗಡಿ ಮುಚ್ಚಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತ. ಹೊರಗಿನಿಂದ ಬಂದ ಪರೀಕ್ಷಕರು ಹಾಳೆ ಮಗುಚುತ್ತ ಇಂಗ್ಲಿಷಿನಲ್ಲಿ ಕೇಳಿದರು: ಮೂರು ಗ್ರಹಗಳ ಮೇಲೆ ಉಗುರುಬಣ್ಣ ಅಳಿಸುವ ನೀರು ಚೆಲ್ಲಿದ ಈ ಮಹಾನ್ ವೆಲ್ಡರ್ ಎಲ್ಲಿ ಸಿಕ್ಕ ನಿಮಗೆ? ಕೋಣೆಗೆ ಕೋಣೆಯೇ ನಕ್ಕಿತು. ಪೂನಮ್‌ಳೂ ನಕ್ಕಳು. ನಗದಿದ್ದರೆ ಅನುಮಾನ ಬಂದೀತೆಂಬ ಹೆದರಿಕೆ.

ಅಷ್ಟೂ ಮಾತಿನಲ್ಲಿ ಭೀಮಶಿಗೆ ತಿಳಿದದ್ದು ವೆಲ್ಡರ್ ಎಂಬ ಒಂದು ಶಬ್ದ. ತನ್ನನ್ನೇ ಕರೆದರೆಂದು ಎದ್ದು ನಿಂತು ಎಲ್ಲರಿಗೂ ಕೈ ಮುಗಿದ.

ಪರೀಕ್ಷಕರು ಕನ್ನಡಕ ಸರಿಸಿ ನೋಡಿ, ಈಗ ಕನ್ನಡದಲ್ಲಿ ಕೇಳಿದರು. “ಇವರು ಯಾರು? ನಿಮ್ಮ ಕಡೆಯವರಾ?”

ಸುಭಾಸ ಸರ್ ತಲೆ ತಗ್ಗಿಸಿದರು. ಕೊಟ್ಟವನು ಒಡಹುಟ್ಟಿದವನೆಂದು ತಿಳಿದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಪೂನಮ್ ಅಣ್ಣನ ಮುಖ ನೋಡದೆ ಹೇಳಿದಳು:

“ನಮ್ಮೂರವರು ಸರ್. ಪರಿಚಯದವರು.”

ಮುಗಿದ ಕೈ ಒಂದು ಗಳಿಗೆ ಹಾಗೇ ನಿಂತವು.

“ಹೌದ್ರೀ ಸಾಹೇಬ್ರ,” ಎಂದ ಭೀಮಶಿ. “ಮೇಡಮ್ಮಾರ ಊರಾಂವ ರೀ ನಾ. ಇಲ್ಲೇ ಕೆಲಸ ಇತ್ತು, ಹಂಗ ಬಂದಿದ್ದೆ.”

ಹಾಗೆಂದು ಮೆಲ್ಲಗೆ ಬಾಗಿಲ ಕಡೆ ನಡೆದ. ಪೂನಮ್ ಮುಂದಿನ ಸ್ಲೈಡ್ ತೆಗೆದಳು.