ಸಹಿ ಮಾಮನ ಸ್ಥಿತಿ ಕಾಲಂ

ಫಿಸಿಕ್ಸ್ ಮೇಡಂ ಆರು ವರ್ಷ ಅರ್ಜಿ ಬರೆದು ಬರೆದು ಕೈ ಸವೆಸಿಕೊಂಡ ಮೇಲೆ ಕಾಲೇಜಿಗೆ ಅಂತೂ ಗಾಮಾ ಸ್ಪೆಕ್ಟ್ರೋಮೀಟರ್ ಬಂತು. ಕಲ್ಲಾಗಲಿ ಮಣ್ಣಾಗಲಿ, ಅದರಿಂದ ಹೊರಡುವ ಕಣ್ಣಿಗೆ ಕಾಣದ ಕಿರಣವನ್ನು ಹಿಡಿದು, ಇದು ಇಂಥ ಧಾತುವಿನದು ಎಂದು ಪರದೆಯ ಮೇಲೆ ಶಿಖರ ಎಬ್ಬಿಸಿ ತೋರಿಸುವ ಯಂತ್ರ ಅದು. ಮೇಡಂ ಕಾಲು ನೆಲದ ಮೇಲಿರಲಿಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಇಲ್ಲಿನ ಪೂಜಾರಿ ಎಂದರೆ ಸ್ಟೋರ್‌ಕೀಪರ್. ಹುಡುಗರು ಇಟ್ಟ ಹೆಸರು ಸಹಿ ಮಾಮ. ಸಹಿಯಿಲ್ಲದೆ ಸೀಮೆಸುಣ್ಣದ ಚೂರನ್ನೂ ಬಿಡದ ಆಸಾಮಿ. ಯಾವ ವಸ್ತು ಬಂದರೂ ತಾನೇ ಎದುರು ನಿಂತು ನೋಡಿ, ಸ್ಟಾಕ್ ರಿಜಿಸ್ಟರಿನ ‘ಸ್ಥಿತಿ’ ಕಾಲಂನಲ್ಲಿ ‘ಸುಸ್ಥಿತಿ’ ಎಂದು ಬರೆಯಬೇಕು. ಹದಿನೈದು ದಿನದೊಳಗೆ ಆ ಪದ ಬೀಳದಿದ್ದರೆ ಯಂತ್ರ ಕಂಪನಿಗೆ ವಾಪಸ್, ಮೇಡಂ ಮತ್ತೆ ಅರ್ಜಿಯ ಮೊದಲ ಸಾಲಿಗೆ.

ಪರೀಕ್ಷೆಯೇನೋ ಸುಲಭದ್ದು. ಹತ್ತಿರ ಏನನ್ನೂ ಇಡದೆ ಓಡಿಸಿದಾಗ ದೊಡ್ಡ ಶಿಖರ ಏಳಬಾರದು, ಅಷ್ಟೆ. ಮೇಡಂ ಒಬ್ಬರೇ ಇದ್ದಾಗ ಯಂತ್ರ ಹಾಲು ಕುಡಿದ ಮಗುವಿನಂತೆ ತಣ್ಣಗಿರುತ್ತಿತ್ತು. ಸಹಿ ಮಾಮ ಬಂದು, ರಿಜಿಸ್ಟರ್ ಬಿಚ್ಚಿ, ಎಡಗೈಯನ್ನು ಯಂತ್ರದ ಪಕ್ಕ ಊರಿ, ಬಲಗೈಯಲ್ಲಿ ಪೆನ್ನು ಹಿಡಿದರೆ ಸಾಕು, ಒಂದರ ಹಿಂದೊಂದು ಶಿಖರ! ಕಂಪನಿಯವನು ಬಂದು ನೋಡಿ, ಎಲ್ಲ ಸರಿಯಾಗಿದೆ ಎಂದು ಹೇಳಿ, ಚಹಾ ಕುಡಿದು ಹೋದ. ಅವನು ಗೇಟು ದಾಟಿದ, ಮಾಮ ಒಳಗೆ ಬಂದರು, ಮತ್ತೆ ಅದೇ ರಾಗ ಅದೇ ಹಾಡು.

"ನನಗೂ ಬೇಜಾರೇ ಮೇಡಂ. ಆದ್ರೆ ಕಂಡದ್ದನ್ನೇ ಬರೀಬೇಕಲ್ಲ" ಎಂದು ಮಾಮ ರಿಜಿಸ್ಟರ್ ಮುಚ್ಚಿದರು. ಮೇಡಂಗೆ ಮೈಯೆಲ್ಲ ಉರಿದುಹೋಯಿತು.

ಹದಿನೈದನೇ ದಿನ ಮಾಮನ ಪೆನ್ನಿನಲ್ಲಿ ಶಾಯಿ ಮುಗಿಯಿತು. ಇನ್ನೊಂದು ತರಲು ಅವರು ಸ್ಟೋರಿಗೆ ಹೋದರೆ ಶಿಖರಗಳು ಬೆಳೆಯುವುದು ಅಲ್ಲಿಗೇ ನಿಂತಿತು. ವಾಪಸ್ ಬಂದರೆ ಮತ್ತೆ ಬೆಳೆಯತೊಡಗಿದವು. ಮೇಡಂ ಕಣ್ಣು ಕಿರಿದು ಮಾಡಿ, ಇನ್ನೊಂದು ಸಲ ಹೊರಗೆ ಹೋಗಿಬನ್ನಿ ಎಂದರು. ನಾಲ್ಕು ಸಲ ಹೋಗಿಬಂದ ಮಾಮ, ಈ ವಯಸ್ಸಿನಲ್ಲಿ ತನಗೆ ಈ ಕವಾಯತು ಯಾಕೆ ಎಂದು ಗೊಣಗಿದರು. ಮೇಡಂ ಜೇಬು ಖಾಲಿ ಮಾಡಿಸಿದರು. ಬೀಗದ ಕೈ ಗೊಂಚಲು, ಕನ್ನಡಕದ ಡಬ್ಬಿ, ಮೋಟು ಪೆನ್ಸಿಲ್. ಯಾವುದೂ ಅಲ್ಲ. ಉಳಿದದ್ದು ಎಡಗೈಯ ಹಳೇ ಗಡಿಯಾರ. ಮುಳ್ಳು ಏಳೂಕಾಲಿಗೆ ನಿಂತು ಯಾವ ಕಾಲವಾಯಿತೋ!

"ಅದು ಕೆಟ್ಟಿದೆ ಮೇಡಂ. ನಮ್ಮಪ್ಪಂದು. ಅವರು ತೀರಿಕೊಂಡ ವರ್ಷವೇ ನಿಂತೋಯ್ತು, ರಿಪೇರಿಯವರೆಲ್ಲ ಕೈ ಚೆಲ್ಲಿದ್ರು. ನಾನು ಚಿಕ್ಕವನಿದ್ದಾಗ ಕತ್ತಲಲ್ಲಿ ಹಸಿರಾಗಿ ಹೊಳೀತಿತ್ತು. ಈಗ ಅದೂ ಇಲ್ಲ."

ಬಿಚ್ಚಿಸಿ ಯಂತ್ರದ ಮುಂದಿಟ್ಟರೆ ಶಿಖರಗಳು ಪರದೆಯ ನೆತ್ತಿಗೇರಿದವು. ಮೇಡಂಗೆ ನಗು ತಡೆಯಲಾಗಲಿಲ್ಲ. ಆ ಕಾಲದಲ್ಲಿ ಅಂಕಿಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು, ಹೊಳಪು ಸೋತುಹೋಗಿದೆ, ರೇಡಿಯಂ ಸೋತಿಲ್ಲ, ಅದು ಅರ್ಧಕ್ಕಿಳಿಯಲು ಸಾವಿರದ ಆರುನೂರು ವರ್ಷ ಬೇಕು ಎಂದು ವಿವರಿಸಿದರು. ಆಮೇಲೆ ನಗು ನಿಲ್ಲಿಸಿ ನಿಜ ಹೇಳಿದರು. ಇದನ್ನು ಇನ್ನು ಕಟ್ಟಿಕೊಳ್ಳುವಂತಿಲ್ಲ, ಗಾಜು ತೆಗೆಯುವಂತೆಯೂ ಇಲ್ಲ, ಸುರಕ್ಷತಾ ಅಧಿಕಾರಿಗೆ ತಿಳಿಸಿ, ಕಿರಣ ತಡೆಯುವ ಲ್ಯಾಬಿನ ಸೀಸದ ಪೆಟ್ಟಿಗೆಯಲ್ಲಿಡಬೇಕು. ಮಾಮನ ಮುಖ ಸಣ್ಣದಾಯಿತು. ಇಪ್ಪತ್ತಾರು ವರ್ಷ ಸ್ನಾನಕ್ಕಲ್ಲದೆ ಬಿಚ್ಚಿರದ ಗಡಿಯಾರ.

"ಹಂಗಾದ್ರೆ ಇದು ಇನ್ನೂ ನಡೀತಿದೆ ಅಂತೀರಾ?"

"ನಾವಿಬ್ರೂ ಹೋದ್ಮೇಲೂ ನಡೀತಿರುತ್ತೆ, ಮಾಮ."

ಮುಖದೆದುರೇ ಮೇಡಂ ಹಾಗೆ ಕರೆದದ್ದು ಅದೇ ಮೊದಲು. ಮಾಮ ಕರವಸ್ತ್ರದಲ್ಲಿ ಗಾಜು ಒರೆಸಿ, ಗಡಿಯಾರವನ್ನು ತಾವೇ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು. ಮೇಡಂ ಯಂತ್ರವನ್ನು ಹೊಸದಾಗಿ ಓಡಿಸಿದರೆ ಪರದೆ ತಣ್ಣಗಿತ್ತು. ಮಾಮ ಯಂತ್ರದ ಎದುರು ‘ಸುಸ್ಥಿತಿ’ ಎಂದು ಬರೆದರು. ಕೆಳಗಿನ ಸಾಲಿನಲ್ಲಿ ‘ಕೈಗಡಿಯಾರ, ಒಂದು’ ಎಂದು ಬರೆದು, ಸ್ಥಿತಿ ಕಾಲಂ ಬಂದಾಗ ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿದರು. ಆಮೇಲೆ ಗುಂಡಗೆ ‘ಚಾಲ್ತಿಯಲ್ಲಿದೆ’ ಎಂದು ಬರೆದು, ರಿಜಿಸ್ಟರನ್ನು ಮೇಡಂ ಕಡೆ ತಳ್ಳಿದರು.

"ಸಹಿ ಹಾಕಿ, ಮೇಡಂ."