ಪುಟಿಯುವ ಕಲ್ಲು

ಮಾಳಿಂಗ ನನ್ನನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ನಾನು ನೆಲಕ್ಕೆ ಬಿದ್ದೆ. ಬಿದ್ದು ಸುಮ್ಮನಿರಲಿಲ್ಲ, ಪುಟಿದೆ.

ತಿಪ್ಪಣ್ಣ ಮೊಬೈಲು ಕೆಳಗಿಳಿಸಿದ. "ಮತ್ತ ಪುಟೀತಲೇ. ಕಲ್ಲು ಎಲ್ಲೆರೆ ಚಂಡಿನಂಗ ಪುಟೀತೈತೇನು?"

"ನಾ ಏನ್ ಮಾಡ್ಲಿ? ಅದಕ್ಕ ಹೇಳು."

"ಅದಕ್ಕ ಕಿವಿ ಅದಾವೇನು ಹೇಳಾಕ?"

ತಿಪ್ಪಣ್ಣ ಗೊಣಗುತ್ತ ಸಲಿಕೆ ತಂದ. ನಾನು ಬೀಳುವ ಜಾಗದಲ್ಲಿ ಕುಣಿ ತೋಡಿ, ಅದರಲ್ಲಿ ಸಡಿಲ ಮಣ್ಣು ತುಂಬಿದ. ಈ ಸಲ ನಾನು ಬಿದ್ದಾಗ ಮಣ್ಣು ಎದ್ದು ಹಾರಿತು, ನನ್ನ ಅರ್ಧ ಮೈ ಹೂತುಹೋಯಿತು. ಇಬ್ಬರೂ ಮೊಬೈಲಿನ ಮೇಲೆ ಬಗ್ಗಿ ನೋಡಿ ನಕ್ಕರು. ಆ ಅಂಗೈಯಗಲದ ಗಾಜಿನಲ್ಲಿ ನಾನು ಕಲ್ಲಾಗಿದ್ದೆ.

ಹೊರಗೆ ನಾನು ಕಲ್ಲಲ್ಲ. ಕಾಗದ.

ನನ್ನನ್ನು ಮಾಡಿದವನು ದಾವಲಸಾಬ. ಊರೂರು ತಿರುಗುವ ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದ. ಹಳೆಯ ವಾರಪತ್ರಿಕೆಗಳನ್ನು ನೆನೆಹಾಕಿ, ಮೆಂತ್ಯದ ಹಿಟ್ಟಿನ ಜೊತೆ ರುಬ್ಬಿ, ಒಂದು ಬಿದಿರಿನ ಬುಟ್ಟಿಯ ಸುತ್ತ ಮೆತ್ತಿದ. ಬಿಸಿಲಿಗಿಟ್ಟ. ಬೂದು ಬಣ್ಣ ಬಳಿದು, ಅದರ ಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಕಪ್ಪು ಚುಕ್ಕೆ ಸಿಡಿಸಿದ. ನನ್ನ ಮೈಯೊಳಗೆ ಇರುವುದೆಲ್ಲ ಸಿನಿಮಾ ತಾರೆಯರ ಮುಖ, ವಾರಭವಿಷ್ಯ, ಹದಿನೈದೇ ದಿನದಲ್ಲಿ ತೋಳು ದಪ್ಪ ಮಾಡುವ ಪುಡಿಯ ಜಾಹೀರಾತು. ಅವೆಲ್ಲ ಒಳಗೆ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿವೆ. ನನಗೆ ನೆಮ್ಮದಿ ಇಲ್ಲದಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಕಂಪನಿಯಲ್ಲಿ ನನ್ನನ್ನು ಎತ್ತುತ್ತಿದ್ದವನು ಭೀಮನ ಪಾತ್ರದ ಶಿವಲಿಂಗಪ್ಪ. ಸಣಕಲ ಮನುಷ್ಯ, ಉಬ್ಬಸದ ರೋಗಿ. ಬೆಳಿಗ್ಗೆ ಡೇರೆಯ ಹಿಂದೆ ಒಂದು ನಿಜವಾದ ಒರಳುಕಲ್ಲನ್ನು ಎತ್ತಲು ಹೆಣಗುತ್ತಿದ್ದ. ಮೊದಲು ಮೊಣಕಾಲು ನಡುಗುತ್ತದೋ ಕುತ್ತಿಗೆಯ ನರ ಉಬ್ಬುತ್ತದೋ ಎಂದು ತನ್ನ ಮೈಯನ್ನೇ ಗಮನಿಸುತ್ತಿದ್ದ. ಸಂಜೆ ಅದೇ ನಡುಕವನ್ನು ನನಗೆ ಕೊಡುತ್ತಿದ್ದ. ಜನ ಉಸಿರು ಹಿಡಿದು ನೋಡುತ್ತಿದ್ದರು. ನಾನು ಹಗುರ ಎಂದು ಅವರಿಗೂ ಗೊತ್ತಿತ್ತು. ಆ ಸುಳ್ಳಿನಲ್ಲಿ ಯಾರಿಗೂ ಮೋಸವಿರಲಿಲ್ಲ. ಅಂಕ ಮುಗಿದ ಮೇಲೆ ಅವನ ಬೆವರು ನನ್ನ ಬಣ್ಣವನ್ನು ಅಲ್ಲಲ್ಲಿ ತಿಂದಿರುತ್ತಿತ್ತು, ದಾವಲಸಾಬ ಬೈಯುತ್ತ ಮತ್ತೆ ಬಳಿಯುತ್ತಿದ್ದ.

ಆಮೇಲೆ ಜನ ಬರುವುದು ಕಡಿಮೆಯಾಯಿತು. ಮುಧೋಳದ ಹತ್ತಿರದ ಈ ಊರಿನಲ್ಲಿ ಕಂಪನಿ ಡೇರೆ ಬಿಚ್ಚಿದ್ದು ಮತ್ತೆ ಕಟ್ಟಲಿಲ್ಲ. ಕಿರೀಟ, ಗದೆ, ಕಾಡಿನ ಪರದೆ ಎಲ್ಲ ಯಾರು ಯಾರಿಗೋ ಹೋದವು. ಮೊಬೈಲು ರಿಪೇರಿ ಅಂಗಡಿಯ ತಿಪ್ಪಣ್ಣ ಅರಮನೆಯ ಪರದೆಯನ್ನು ಅಂಗಡಿಯ ಗೋಡೆಗೆಂದು ಕೊಂಡ. ಅದರ ಸುರುಳಿಯ ಜೊತೆ ನನ್ನನ್ನೂ ಬಗಲಲ್ಲಿ ಹೊತ್ತುಕೊಂಡು ಹೋದ. ಅಷ್ಟು ದೊಡ್ಡ ಕಲ್ಲು, ಒಂದೇ ಬಗಲಲ್ಲಿ. ದಾರಿಯಲ್ಲಿ ಅದನ್ನು ಕಂಡು ನಿಂತವನು ಮಾಳಿಂಗ.

ಮಾಳಿಂಗ ಹಗಲು ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ, ನಸುಕಿನಲ್ಲಿ ತಾಲೀಮಿಗೆ ಹೋಗುತ್ತಿದ್ದ. ತಾಲೀಮೆಂದರೆ ಕೆಮ್ಮಣ್ಣು ಹಾಕಿದ ಒಂದು ಹಳೆಯ ಗರಡಿ, ಮಾಡಿನಲ್ಲಿ ಪಾರಿವಾಳ, ಕಸರತ್ತು ಕಲಿಸುವ ವಸ್ತಾದ ಬರಮಪ್ಪ, ಮತ್ತು ಗುಂಡುಕಲ್ಲುಗಳು. ಕಲ್ಲುಗಳಿಗೆ ಹೆಸರಿದ್ದವು: ಕುರಿ, ಕರು, ಹೋರಿ, ಕೋಣ. ಒಂದು ಕಾರಹುಣ್ಣಿಮೆಯಿಂದ ಇನ್ನೊಂದು ಕಾರಹುಣ್ಣಿಮೆಯವರೆಗೆ ಒಂದೇ ಕಲ್ಲು. ವಸ್ತಾದ ಹೇಳುವತನಕ ಮುಂದಿನದನ್ನು ಮುಟ್ಟುವಂತಿಲ್ಲ. ಎತ್ತುವುದಕ್ಕೂ ಕ್ರಮವಿತ್ತು. ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ಮೊದಲು ತೊಡೆಗೆ ತಗೋಬೇಕು, ತೊಡೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ, ಕಡೆಗೆ ಹೆಗಲಿಗೆ. ಮಾಳಿಂಗನಿಗೆ ಹೋರಿ ಎದೆಯವರೆಗೆ ಬರುತ್ತಿತ್ತು, ಹೆಗಲಿಗೆ ಏರುತ್ತಿರಲಿಲ್ಲ. ಅದೊಂದೇ ಅವನ ಆಸೆಯಾಗಿತ್ತು.

"ಮೂರು ವರ್ಷಾತು ಒಂದು ಹೋರಿ ಹಿಂದ ಬಿದ್ದಿ. ಇಲ್ನೋಡು," ಎಂದು ತಿಪ್ಪಣ್ಣ ಮೊಬೈಲು ತೋರಿಸಿದ. ಯಾವುದೋ ಊರಿನ ಹುಡುಗ ಟ್ರ್ಯಾಕ್ಟರ್ ಎಳೆಯುತ್ತಿದ್ದ. "ಇಂವ ಮೂರು ವಾರದಾಗ ಹೀರೋ ಆಗ್ಯಾನ. ಖರೇ ಎಳದಾನೋ ಇಲ್ಲೋ ಯಾರ್ ಕೇಳ್ಯಾರ?"

ಮಾಳಿಂಗ ನನ್ನನ್ನು ಎತ್ತಿದ ಮೊದಲ ದಿನ ಅವನ ಅಂಗೈ ಉಪ್ಪುಕಾಗದದ ಹಾಗಿತ್ತು. ನನಗೆ ಗೀರು ಬಿತ್ತು. ನಾನು ಖುಷಿಪಟ್ಟೆ. ಶಿವಲಿಂಗಪ್ಪನ ಕೈಯಿಂದ ಒಬ್ಬ ನಿಜವಾದ ಜಟ್ಟಿಯ ಕೈಗೆ ಬಂದೆ ಅನ್ನಿಸಿತು. ಆದರೆ ಇವನು ನಡುಗಲಿಲ್ಲ. ನಡುಗಬಾರದು ಎಂದೇ ತಿಪ್ಪಣ್ಣನ ಅಪ್ಪಣೆ. "ಒದ್ದಾಡಿದ್ರ ಯಾರ್ ನೋಡ್ತಾರ? ಹೂವಿನಂಗ ಎತ್ತು. ಸೀದಾ ಹೆಗಲಿಗೆ." ತೊಡೆ ಇಲ್ಲ, ಹೊಟ್ಟೆ ಇಲ್ಲ. ನೆಲದಿಂದ ಸೀದಾ ಹೆಗಲಿಗೆ. ಹಿಂದೆ ಡೋಲಿನ ಸಂಗೀತ.

ತಿಪ್ಪಣ್ಣ ಹರಿಬಿಟ್ಟ ರೀಲನ್ನು ಜನ ನೋಡಿದರು. ಮತ್ತೆ ಮತ್ತೆ ನೋಡಿದರು. ವೆಲ್ಡಿಂಗ್ ಅಂಗಡಿಯ ಮಾಲೀಕ ಇವನ ಜೊತೆ ನಿಂತು ಫೋಟೋ ತೆಗೆಸಿಕೊಂಡ. ಬಸ್ಸಿನ ಕಂಡಕ್ಟರು ಸೀಟು ಬಿಡಿಸಿಕೊಟ್ಟ. ಮಾಳಿಂಗ ತಡವಾಗಿ ಏಳತೊಡಗಿದ. ಎದ್ದ ಕೂಡಲೇ ಮೊಬೈಲಿಗೆ ಕೈ ಹಾಕುತ್ತಿದ್ದ, ಮುಖ ತೊಳೆಯುವ ಮೊದಲೇ ಎಷ್ಟು ಜನ ನೋಡಿದರೆಂದು ನೋಡುತ್ತಿದ್ದ. ಒಂದು ದಿನ ಕಡಿಮೆಯಾದರೆ ಆ ದಿನವಿಡೀ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೋರಿಯ ಹಿಂದೆ ಬಿದ್ದಿದ್ದಾಗ ಅವನು ದಣಿಯುತ್ತಿದ್ದನಂತೆ, ದಣಿದು ನಿದ್ದೆ ಹೋಗುತ್ತಿದ್ದನಂತೆ. ಈಗ ದಣಿವೂ ಇಲ್ಲ, ನಿದ್ದೆಯೂ ಇಲ್ಲ. ಅವನ ಅಂಗೈ ನನಗೆ ದಿನದಿನಕ್ಕೆ ಗೊತ್ತಾಗುತ್ತಿತ್ತು. ಅದು ಮೆತ್ತಗಾಗುತ್ತ ಬಂತು.

ಇತ್ತ ತಾಲೀಮಿಗೆ ಹುಡುಗರು ಗುಂಪುಗುಂಪಾಗಿ ಬರತೊಡಗಿದರು. ಆ ಜಾಗವನ್ನು ಗೋದಾಮು ಮಾಡಬೇಕೆಂದು ಪಂಚಾಯತಿಯವರು ಬರಮಪ್ಪನ ಬೆನ್ನುಹತ್ತಿದ್ದರು. ಈಗ ಅವರೇ ಬಂದು ಮಾಡಿಗೆ ಹೊಸ ಹಂಚು ಹೊದಿಸುವ ಮಾತಾಡಿದರು. ಬರಮಪ್ಪ ಮಾಳಿಂಗನ ರೀಲನ್ನು ಒಮ್ಮೆ ಮಾತ್ರ ನೋಡಿದ. ನೋಡಿದ ಕೂಡಲೇ ಅವನಿಗೆ ತಿಳಿಯಿತು. ಕಲ್ಲೆತ್ತಿಯೇ ಮುದುಕನಾದವನಿಗೆ ತಿಳಿಯದೆ ಇರುತ್ತದೆಯೇ? ಮೊಬೈಲನ್ನು ತಿಪ್ಪಣ್ಣನಿಗೆ ವಾಪಸು ಕೊಟ್ಟು, ಪಾರಿವಾಳಗಳಿಗೆ ಜೋಳ ಚೆಲ್ಲಲು ಎದ್ದುಹೋದ.

ಹೊಸದಾಗಿ ಬಂದವರಲ್ಲಿ ಯಮನೂರಿ ಎಂಬ ಹುಡುಗನಿದ್ದ. ವಸ್ತಾದ ಅವನಿಗೆ ಕುರಿ ಕೊಟ್ಟಿದ್ದ. ಒಂದು ಬೆಳಿಗ್ಗೆ ಯಾರೂ ಇಲ್ಲದಾಗ ಅವನು ಹೋರಿಗೆ ಕೈ ಹಾಕಿದ. ಕಾಲು ನೆಟ್ಟಗೆ, ಬೆನ್ನು ಬಾಗಿಸಿ, ನೆಲದಿಂದ ಸೀದಾ ಹೆಗಲಿಗೆ. ಹೋರಿ ಅಲುಗಿತಷ್ಟೇ. ಯಮನೂರಿಯ ಸೊಂಟದಲ್ಲಿ ಏನೋ ಸರಿಯಿತು.

ಮಾಳಿಂಗ ಅವನನ್ನು ನೋಡಲು ಹೋದಾಗ ನಾನು ಗೋಣಿಚೀಲದಲ್ಲಿದ್ದೆ. ಅಲ್ಲಿಂದ ಮುಂದೆ ಹೊಳೆದಂಡೆಯಲ್ಲಿ ಇನ್ನೊಂದು ರೀಲು ತೆಗೆಯುವುದಿತ್ತು. ಚೀಲವನ್ನು ಬಾಗಿಲ ಹತ್ತಿರ ಇಟ್ಟ. ಹುಡುಗ ಹೊರಸಿನ ಮೇಲೆ ಅಂಗಾತ ಮಲಗಿದ್ದ. ಅವನ ತಾಯಿ ಚಹಾ ತಂದಳು.

"ಬರೇ ನಿನ್ನ ವಿಡಿಯೋ ನೋಡ್ತಾನಪ್ಪಾ. ಉಣ್ಣೂದೂ ಅದನ್ನ ನೋಡ್ಕೋತನ. ನೀ ಬಂದಿದ್ದು ಚಲೋ ಆತು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಮಾಳಿಂಗನಿಗೆ ಅಲ್ಲಿ ಕೂರುವುದು ಸುಲಭವಾಗುತ್ತಿತ್ತು.

"ಅಣ್ಣಾ," ಎಂದ ಯಮನೂರಿ, "ನೀ ತೊಡಿಗೆ ತಗೊಳ್ಳಂಗಿಲ್ಲಲ್ಲ, ನಾನೂ ಹಂಗ ಮಾಡ್ದೆ. ಎಲ್ಲಿ ತಪ್ಪಿದ್ನೋ ಗೊತ್ತಿಲ್ಲ. ನನ್ನ ಮೈಯಾಗ ಕಸುವು ಕಡಿಮಿ."

"ಹಂಗೇನಿಲ್ಲ."

"ಐತಣ್ಣಾ. ನಾ ಭಾಳ ಆಳಸಿ. ನಮ್ಮಪ್ಪನೂ ಹಂಗಽ ಅಂತಾನ. ಕಾರಹುಣ್ಣಿಮಿಗೆ ನೀ ಎತ್ತತೀಯಲ್ಲ, ನನ್ನ ಹೊತ್ಕೊಂಡು ಬಂದು ಮುಂದ ಕುಂದ್ರಸ್ತಾರಂತ. ಹತ್ರದಿಂದ ನೋಡಿದ್ರ ತಿಳೀತೈತಿ."

ಮಾಳಿಂಗ ಚಹಾ ಕುಡಿಯಲಿಲ್ಲ. ನನ್ನ ಚೀಲವನ್ನು ಎತ್ತಿಕೊಂಡ. ಅಭ್ಯಾಸಬಲದಿಂದ, ಹುಡುಗ ನೋಡುತ್ತಿದ್ದಾನೆಂದು, ಭಾರವಿದ್ದಂತೆ ಎತ್ತಿಕೊಂಡ. ಹೊರಗೆ ಬಂದು ಬೈಕನ್ನು ಮನೆಯ ಕಡೆ ತಿರುಗಿಸಿದ. ಹೊಳೆದಂಡೆಗೆ ಹೋಗಲಿಲ್ಲ. ಅಂದಿನಿಂದ ಮಲಗಿದಲ್ಲೂ ಹೊರಳಾಡುತ್ತಿದ್ದ. ಅವನ ಹೊರಸಿನ ಕೆಳಗೆ ನಾನಿದ್ದೆ, ನನಗೆ ಕೇಳುತ್ತಿತ್ತು. ಹುಡುಗನ ಸೊಂಟ ಮುರಿದದ್ದು ನಾನೋ, ಮಾಳಿಂಗನೋ, ತಿಪ್ಪಣ್ಣನ ಮೊಬೈಲೋ, ಬೆರಳ ತುದಿಯಿಂದ ಮೆಚ್ಚುಗೆ ಒತ್ತಿದ ಅಷ್ಟೊಂದು ಜನರೋ? ನನಗೆ ಇವತ್ತಿಗೂ ಬಗೆಹರಿದಿಲ್ಲ. ಇಷ್ಟು ಮಾತ್ರ ಗೊತ್ತು: ಅದೇ ರೀಲು ನೋಡಿ ಬಂದವರಲ್ಲಿ ಕೆಲವರು ಕುರಿಯನ್ನು ತೊಡೆಗೆ ತಗೊಂಡು, ಕೆಂಪು ಮಣ್ಣಿನಲ್ಲಿ ಬೆವರುತ್ತ, ಉಳಿದುಕೊಂಡಿದ್ದರು. ಸುಳ್ಳು ನೋಡಿ ಬಂದವರು ನಿಜಕ್ಕೆ ನಿಂತಿದ್ದರು. ಇದನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಲಿ?

ಕಾರಹುಣ್ಣಿಮೆಯ ಮರುದಿನ ಶಾಲೆಯ ಬಯಲಿನಲ್ಲಿ ಕಲ್ಲೆತ್ತುವ ಪಂದ್ಯ. ಪಂದ್ಯಕ್ಕೆ ಮೊದಲು ಮಾಳಿಂಗನದು ಪ್ರದರ್ಶನ. ವೇದಿಕೆಯ ಹಿಂದಿನ ತಗಡಿನ ಕೋಣೆಯಲ್ಲಿ ಮೂವರೇ ಇದ್ದೆವು. ವಸ್ತಾದ, ಮಾಳಿಂಗ, ನಾನು. ಪ್ರದರ್ಶನಕ್ಕೆಂದು ತಿಪ್ಪಣ್ಣ ನನ್ನನ್ನು ಮಾಳಿಂಗನ ಮನೆಯಿಂದ ಒಯ್ದಿದ್ದ. ಹಿಂದಿನ ದಿನವೇ ಅವನಿಂದ ನನ್ನನ್ನು ಇಸಿದುಕೊಂಡು ಬಂದ ವಸ್ತಾದ ತನ್ನ ಕೈಯಾರೆ ನನಗೆ ಹೊಸ ಬಣ್ಣ ಬಳಿದಿದ್ದ, ವಿಭೂತಿ ಹಚ್ಚಿದ್ದ. ಈಗ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮೊಣಕಾಲು ಸ್ವಲ್ಪ ಬಗ್ಗಿಸಿ, ಭಾರ ಹೊತ್ತವನ ಹಾಗೆ. ಅಲ್ಲಿ ನೋಡುವವರು ಯಾರೂ ಇರಲಿಲ್ಲ.

"ನಿಮಗ ಗೊತ್ತಿತ್ತೇನ್ರಿ?" ಎಂದ ಮಾಳಿಂಗ.

"ಮದಲಽ ಗೊತ್ತಿತ್ತು."

"ಬೈಲಿಲ್ಲ ನೀವು."

"ಬೈದಿದ್ರ ಹುಡುಗ್ರು ಬರ್ತಿದ್ರೇನು? ಇಪ್ಪತ್ತು ವರ್ಷ ನಾ ಪಾರಿವಾಳಕ್ಕ ಕಲಿಸೀನಿ ಮಾಳಿಂಗಾ. ಇವತ್ತೊಂದಿನ ಇದನ್ನ ಎತ್ತು. ಅವ್ರಿಗೆ ಖರೇ ಕಲ್ಲು ನಾ ಕಲಸ್ತೀನಿ, ನಾಳಿಂದ."

"ಯಮನೂರಿ ಮುಂದ ಕುಂತಾನ."

ಹೊರಗೆ ಮೈಕಿನವನು ಮಾಳಿಂಗನ ಹೆಸರನ್ನು ಎಳೆದೆಳೆದು ಕೂಗುತ್ತಿದ್ದ. ಜನರ ಸಿಳ್ಳೆ ತಗಡನ್ನು ನಡುಗಿಸುತ್ತಿತ್ತು.

"ಹೋರಿ ಎತ್ತೂದಾಗೂದಿಲ್ಲ ನಿನ್ನ ಕೈಲೆ," ಎಂದ ವಸ್ತಾದ. "ಎಷ್ಟು ತಿಂಗಳಾತು ನೀ ಮಣ್ಣು ಮುಟ್ಟಿ?"

"ಹೋರಿ ಅಲ್ರಿ. ಕರು ಎತ್ತತೀನಿ. ತೊಡಿಗೆ ತಗೊಂಡು, ಹೊಟ್ಟಿಗೆ ತಗೊಂಡು. ನಿಧಾನಕ."

"ಕರು ಸಣ್ಣ ಹುಡುಗ್ರು ಎತ್ತೂ ಕಲ್ಲು. ಮಂದಿ ನಗ್ತಾರ. ನಾಳೆ ನಿನ್ನ ಯಾರೂ ಕರೆಯಂಗಿಲ್ಲ. ತಾಲೀಮಿಗೂ ಯಾರೂ ಬರಂಗಿಲ್ಲ."

"ಹೌದ್ರಿ."

"ತಿಳದು ಹೇಳ್ತಿಯೋ, ತಿಳೀದೆ ಹೇಳ್ತಿಯೋ?"

ಮಾಳಿಂಗ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಬಗ್ಗಿ ನೆಲದ ಮಣ್ಣನ್ನು ಅಂಗೈಗೆ ತಿಕ್ಕಿಕೊಂಡ. ಮುದುಕ ಒಂದು ಹೆಜ್ಜೆ ಮುಂದೆ ಬಂದು ನನ್ನನ್ನು ಅವನ ಎದೆಗೆ ಒತ್ತಿದ.

"ತಗೋ. ನನ್ನ ಸಲುವಾಗಿ ತಗೋ."

"ಒಲ್ಲೆ," ಎಂದ ಮಾಳಿಂಗ.